ಸ್ಟೈಲ್‌ಶೀಟ್‌ಗೆ ಜಾವಾಸ್ಕ್ರಿಪ್ಟ್ ಜೊತೆಯಾದಾಗ: ರೆಸ್ಪಾನ್ಸಿವ್ ಪುಟಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಪುಟಗಳನ್ನು ಫೋನಿಗೂ ಕಂಪ್ಯೂಟರಿಗೂ ಹೊಂದುವ ಹಾಗೆ ಕಟ್ಟುವವರು ನನ್ನನ್ನು ಆಗಾಗ ಕೇಳುವ ಪ್ರಶ್ನೆಗಳಿವು. ಎಚ್‌ಟಿಎಂಎಲ್, ಸಿಎಸ್ಎಸ್ ಗೊತ್ತಿದ್ದು, ಜಾವಾಸ್ಕ್ರಿಪ್ಟ್ ಸ್ವಲ್ಪ ರೂಢಿಯಿದ್ದರೆ ಸಾಕು, ಓದಬಹುದು. ಉದಾಹರಣೆಗಳಲ್ಲಿ ಕ್ಲಾಸ್‌ಗಳಿಗೂ ವೇರಿಯಬಲ್‌ಗಳಿಗೂ ಕನ್ನಡ ಹೆಸರನ್ನೇ ಇಟ್ಟಿದ್ದೇನೆ. ಸಿಎಸ್ಎಸ್‌ನಲ್ಲಿ ಇದಕ್ಕೆ ಯಾವ ಅಡ್ಡಿಯೂ ಇಲ್ಲ. ‘ಕಿರಿದು’ ಅನ್ನುವ ಕ್ಲಾಸ್, ‘--ತಲೆ-ಎತ್ತರ’ ಅನ್ನುವ ವೇರಿಯಬಲ್ ನಿಜವಾದ ಕೋಡಿನಲ್ಲೂ ಕೆಲಸ ಮಾಡುತ್ತವೆ.

ರೆಸ್ಪಾನ್ಸಿವ್ ಅಂದ್ರೆ ಸಿಎಸ್ಎಸ್ ಕೆಲಸ ಅಲ್ವಾ? ಮಧ್ಯೆ ಜಾವಾಸ್ಕ್ರಿಪ್ಟ್ ಯಾಕೆ ಬೇಕು?

ಮುಕ್ಕಾಲು ಪಾಲು ಸಿಎಸ್ಎಸ್ ಕೆಲಸವೇ. 2010ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ‘ಎ ಲಿಸ್ಟ್ ಅಪಾರ್ಟ್’ ಪತ್ರಿಕೆಯಲ್ಲಿ ಬರೆದ ಲೇಖನದಿಂದ ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಅನ್ನುವ ಹೆಸರು ಚಾಲ್ತಿಗೆ ಬಂತು. ಅವರು ಹೇಳಿದ್ದು ಮೂರೇ ಸಾಮಾನು: ಶೇಕಡಾ ಲೆಕ್ಕದಲ್ಲಿ ಹಿಗ್ಗಿ ಕುಗ್ಗುವ ಗ್ರಿಡ್, ಅದರ ಜೊತೆಗೇ ಹಿಗ್ಗಿ ಕುಗ್ಗುವ ಚಿತ್ರಗಳು, ಮತ್ತು ಪರದೆಯ ಅಗಲದಂಥ ಷರತ್ತು ನೋಡಿ ನಿಯಮ ಹಚ್ಚುವ ಮೀಡಿಯಾ ಕ್ವೆರಿ. ಮೂರರಲ್ಲಿ ಯಾವುದಕ್ಕೂ ಸ್ಕ್ರಿಪ್ಟ್ ಬೇಕಿಲ್ಲ.

ಆದರೆ ಮೀಡಿಯಾ ಕ್ವೆರಿಗೆ ಕಾಣುವುದು ಬ್ರೌಸರಿನ ಕಿಟಕಿ ಮತ್ತು ಸಾಧನದ ಸೆಟ್ಟಿಂಗ್ ಮಾತ್ರ, ಕಿಟಕಿಯೊಳಗೆ ಏನಾಗುತ್ತಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಪುಟದ ಹೆಸರು ಉದ್ದವಾಗಿ ಹೆಡರ್ ಎರಡು ಸಾಲಿಗೆ ಬಂತಾ? ಮೆನುವಿನ ಐದೂ ಪದಗಳು ಒಂದೇ ಸಾಲಿನಲ್ಲಿ ಹಿಡಿಸಿದವಾ? ಕನ್ನಡ ಫಾಂಟ್ ಬಂದು ಮುಟ್ಟಿತಾ? ಓದುವವರು ಹೋದ ಸಲ ಕಪ್ಪು ಹಿನ್ನೆಲೆ ಆರಿಸಿಕೊಂಡಿದ್ದರಾ? ಇಂಥ ಸುದ್ದಿ ಸ್ಟೈಲ್‌ಶೀಟ್‌ಗೆ ತಾನಾಗಿ ತಲುಪುವುದಿಲ್ಲ. ಅದನ್ನು ತಲುಪಿಸುವುದಕ್ಕೆ ಸ್ಕ್ರಿಪ್ಟ್ ಬೇಕು.

ಹಾಗಾದರೆ ಯಾವ ಕೆಲಸ ಯಾರದ್ದು?

ಸುದ್ದಿ ತಿಳಿಸುವುದು ಸ್ಕ್ರಿಪ್ಟಿನ ಕೆಲಸ. ಆ ಸುದ್ದಿ ಕೇಳಿ ಪುಟ ಹೇಗೆ ಕಾಣಬೇಕು ಅಂತ ತೀರ್ಮಾನಿಸುವುದು ಸ್ಟೈಲ್‌ಶೀಟಿನ ಕೆಲಸ. ನಾನು ಹೊಸಬರಿಗೆ ಮೊದಲು ಹೇಳಿಕೊಡುವುದು ಇದನ್ನೇ.

ಸುದ್ದಿ ಮುಟ್ಟಿಸುವುದಕ್ಕೆ ಮೂರು ದಾರಿಗಳಿವೆ. ಎಲಿಮೆಂಟಿಗೆ ಕ್ಲಾಸ್ ಸೇರಿಸಬಹುದು, ತೆಗೆಯಬಹುದು. ಡೇಟಾ ಆಟ್ರಿಬ್ಯೂಟ್ ಬದಲಿಸಬಹುದು. ಅಳತೆಯ ವಿಷಯವಾದರೆ ಕಸ್ಟಮ್ ಪ್ರಾಪರ್ಟಿಯಲ್ಲಿ, ಅಂದರೆ ಸಿಎಸ್ಎಸ್ ವೇರಿಯಬಲ್‌ನಲ್ಲಿ, ಸಂಖ್ಯೆಯನ್ನು ಇಡಬಹುದು. ಸ್ಕ್ರಿಪ್ಟ್ ಇಷ್ಟರಲ್ಲೇ ನಿಲ್ಲಬೇಕು. ಅಗಲ, ಬಣ್ಣ, ಅಂಚುಗಳನ್ನು ನೇರವಾಗಿ ಎಲಿಮೆಂಟಿನ ಸ್ಟೈಲಿಗೆ ಬರೆಯಬಾರದು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಒಮ್ಮೆ ನನ್ನ ಕೈಗೆ ಒಂದು ಹಳೆಯ ಪುಟ ಬಂತು. ಫೋನು ನೆಟ್ಟಗಿದ್ದಾಗ ಪಕ್ಕದ ಪಟ್ಟಿ ಸರಿಯಾಗಿ ಮುಚ್ಚಿಕೊಳ್ಳುತ್ತಿತ್ತು. ಫೋನನ್ನು ಅಡ್ಡ ತಿರುಗಿಸಿದರೆ ಜಾಗ ಬೇಕಾದಷ್ಟಿದ್ದರೂ ಪಟ್ಟಿ ಬರುತ್ತಲೇ ಇರಲಿಲ್ಲ. ಸ್ಟೈಲ್‌ಶೀಟ್‌ನಲ್ಲಿ ಮೀಡಿಯಾ ಕ್ವೆರಿ ಸರಿಯಾಗಿಯೇ ಇತ್ತು. ಹುಡುಕಿ ನೋಡಿದರೆ, ಮೊದಲ ಸಲ ಮುಚ್ಚುವಾಗ ಸ್ಕ್ರಿಪ್ಟು ಆ ಪಟ್ಟಿಯ ಮೇಲೆ ಅಗಲ ಸೊನ್ನೆ ಅಂತ ನೇರವಾಗಿ ಬರೆದಿಟ್ಟಿತ್ತು. ಎಲಿಮೆಂಟಿನ ಮೇಲೆ ನೇರ ಬರೆದದ್ದು ಸ್ಟೈಲ್‌ಶೀಟಿನ ಮಾಮೂಲಿ ನಿಯಮಗಳಿಗಿಂತ ಮೇಲುಗೈ. ಮೀಡಿಯಾ ಕ್ವೆರಿ ಎಷ್ಟು ಹೇಳಿದರೂ ಕೇಳುವವರಿಲ್ಲ. ಆ ಒಂದು ಸಾಲನ್ನು ತೆಗೆದು ‘ಮುಚ್ಚಿದೆ’ ಅನ್ನುವ ಕ್ಲಾಸ್ ಹಾಕಿ, ಅದರ ನಿಯಮವನ್ನು ಕಿರಿದಾದ ಪರದೆಯ ಮೀಡಿಯಾ ಕ್ವೆರಿಯೊಳಗೆ ಇಟ್ಟೆ. ತೊಂದರೆ ಅಲ್ಲಿಗೆ ಮುಗಿಯಿತು.

ಅಳತೆಯನ್ನು ವೇರಿಯಬಲ್‌ನಲ್ಲಿ ಇಡುವುದು ಅಂದರೆ? ಒಂದು ಉದಾಹರಣೆ ಕೊಡಿ.

ಒಂದು ವಾಚನಾಲಯದ ಪುಟ ಅಂದುಕೊಳ್ಳಿ. ಮೇಲೆ ಅಂಟಿಕೊಂಡಿರುವ ಹೆಡರ್ ಇದೆ, ಅದರಲ್ಲಿ ‘ಸಾರ್ವಜನಿಕ ವಾಚನಾಲಯ ಮತ್ತು ಅಧ್ಯಯನ ಕೇಂದ್ರ’ ಅಂತ ಹೆಸರು. ಲ್ಯಾಪ್‌ಟಾಪಿನಲ್ಲಿ ಅದು ಒಂದೇ ಸಾಲು, 64 ಪಿಕ್ಸೆಲ್ ಎತ್ತರ. 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಮೂರು ಸಾಲಾಗಿ ಎತ್ತರ 120 ದಾಟುತ್ತದೆ. ಈಗ ಪುಟದೊಳಗಿನ ‘ಸದಸ್ಯತ್ವ’ ಅನ್ನುವ ಕೊಂಡಿ ಒತ್ತಿದರೆ ಪುಟ ಅಲ್ಲಿಗೆ ಹೋಗುತ್ತದೆ, ಆದರೆ ‘ಸದಸ್ಯತ್ವ’ ಅನ್ನುವ ತಲೆಬರಹ ಹೆಡರ್ ಕೆಳಗೆ ಮುಚ್ಚಿಹೋಗುತ್ತದೆ. ಓದುವವರಿಗೆ ಬೇರೆಲ್ಲೋ ಬಂದ ಹಾಗೆ ಅನ್ನಿಸುತ್ತದೆ.

ಸಿಎಸ್ಎಸ್‌ನಲ್ಲಿ ಸ್ಕ್ರೋಲ್-ಪ್ಯಾಡಿಂಗ್-ಟಾಪ್ ಅನ್ನುವ ಪ್ರಾಪರ್ಟಿ ಇರುವುದು ಇದಕ್ಕೇ. ಅದಕ್ಕೆ ಹೆಡರಿನ ಎತ್ತರ ಎಷ್ಟು ಅಂತ ಹೇಳಬೇಕು. ಆ ಎತ್ತರ ಪರದೆಯ ಅಗಲ, ಫಾಂಟ್, ಓದುವವರು ಇಟ್ಟುಕೊಂಡ ಅಕ್ಷರದ ಗಾತ್ರ ಎಲ್ಲವನ್ನೂ ಅವಲಂಬಿಸಿದೆ. ಹಾಗಾಗಿ ರೀಸೈಜ್ ಅಬ್ಸರ್ವರ್ ಒಂದನ್ನು ಹೆಡರಿಗೆ ಕಾವಲು ಹಾಕಿ. ಎತ್ತರ ಬದಲಾದಾಗಲೆಲ್ಲ ಅದು ತಿಳಿಸುತ್ತದೆ. ಆ ಸಂಖ್ಯೆಯನ್ನು ಪುಟದ ಬೇರು ಎಲಿಮೆಂಟಿನ (ಎಚ್‌ಟಿಎಂಎಲ್ ಟ್ಯಾಗಿನ) ಮೇಲೆ ಸೆಟ್‌ಪ್ರಾಪರ್ಟಿ ಬಳಸಿ ‘--ತಲೆ-ಎತ್ತರ’ದಲ್ಲಿ ಇಡಿ. ಸ್ಟೈಲ್‌ಶೀಟ್‌ನಲ್ಲಿ ಸ್ಕ್ರೋಲ್-ಪ್ಯಾಡಿಂಗ್-ಟಾಪ್‌ಗೆ ಅದೇ ವೇರಿಯಬಲ್ ಕೊಡಿ, ಜೊತೆಗೆ 80 ಪಿಕ್ಸೆಲ್ ಅನ್ನುವ ಬದಲಿ ಅಳತೆಯನ್ನೂ ಕೊಡಿ. ಸ್ಕ್ರಿಪ್ಟ್ ಬರುವ ತನಕ ಆ 80 ಕೈಹಿಡಿಯುತ್ತದೆ.

ಇಲ್ಲೊಂದು ಎಡವುವ ಜಾಗ ಇದೆ. ಅಬ್ಸರ್ವರ್ ಕೊಡುವ ಕಂಟೆಂಟ್‌ರೆಕ್ಟ್‌ನಲ್ಲಿ ಪ್ಯಾಡಿಂಗ್ ಮತ್ತು ಬಾರ್ಡರ್ ಸೇರಿರುವುದಿಲ್ಲ. ಹೆಡರಿನ ಪೂರ್ತಿ ಎತ್ತರ ಬೇಕಾದರೆ ಬಾರ್ಡರ್‌ಬಾಕ್ಸ್‌ಸೈಜ್ ನೋಡಬೇಕು. ಲೆಕ್ಕ ಯಾಕೋ 24 ಪಿಕ್ಸೆಲ್ ಕಮ್ಮಿ ಬರ್ತಿದೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಇದನ್ನೇ ನೋಡುತ್ತೇನೆ.

ಸ್ಕ್ರಿಪ್ಟಿನಿಂದ ಸ್ಟೈಲ್‌ಶೀಟಿನ ಶಕ್ತಿ ಹೆಚ್ಚಿಸುವುದು ಹೊಸ ಯೋಚನೆಯಾ?

ಅಲ್ಲ, ತುಂಬಾ ಹಳೆಯದು. 1996ರಲ್ಲೇ ನೆಟ್‌ಸ್ಕೇಪ್ ಕಂಪನಿ ಜಾವಾಸ್ಕ್ರಿಪ್ಟ್ ಸ್ಟೈಲ್ ಶೀಟ್ಸ್ ಅನ್ನುವ ಪದ್ಧತಿಯನ್ನು ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಮುಂದೆ ಇಟ್ಟಿತ್ತು. ಅದರಲ್ಲಿ ಸ್ಟೈಲ್ ನಿಯಮಗಳನ್ನೇ ಜಾವಾಸ್ಕ್ರಿಪ್ಟಿನಲ್ಲಿ ಬರೆಯಬೇಕಿತ್ತು. ಅದು ನಿಲ್ಲಲಿಲ್ಲ, ಸಿಎಸ್ಎಸ್ ಉಳಿಯಿತು. ಆದರೆ 1997ರ ನೆಟ್‌ಸ್ಕೇಪ್ 4 ಒಳಗೊಳಗೆ ಸಿಎಸ್ಎಸ್ ಅನ್ನು ಆ ಪದ್ಧತಿಗೇ ತಿರುಗಿಸಿಕೊಳ್ಳುತ್ತಿತ್ತು. ಹಾಗಾಗಿ ಆ ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ನಿಲ್ಲಿಸಿದರೆ ಸಿಎಸ್ಎಸ್ ಕೂಡ ನಿಂತುಹೋಗುತ್ತಿತ್ತು.

1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಇನ್ನೊಂದು ದಾರಿ ಹಿಡಿಯಿತು. ಸ್ಟೈಲ್‌ಶೀಟಿನ ಒಳಗೇ ‘ಎಕ್ಸ್‌ಪ್ರೆಷನ್’ ಅಂತ ಬರೆದು ಜಾವಾಸ್ಕ್ರಿಪ್ಟ್ ತುಣುಕು ಇಡಬಹುದಿತ್ತು. ಮ್ಯಾಕ್ಸ್-ವಿಡ್ತ್ ಗೊತ್ತಿಲ್ಲದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ಕ್ಕೆ ಅದನ್ನು ಕಲಿಸಲು ಬಹಳ ಜನ ಇದನ್ನೇ ಬಳಸಿದರು. ಆದರೆ ಆ ತುಣುಕು ಪುಟ ಸರಿಸಿದಾಗ, ಮೌಸ್ ಅಲ್ಲಾಡಿಸಿದಾಗ ಕೂಡ ಮತ್ತೆ ಮತ್ತೆ ಓಡುತ್ತಿತ್ತು. ಪುಟ ಎಳೆದಾಡುತ್ತಿತ್ತು. 2009ರಲ್ಲಿ ಬಂದ 8ನೇ ಆವೃತ್ತಿಯ ಸ್ಟ್ಯಾಂಡರ್ಡ್ಸ್ ಮೋಡಿನಲ್ಲಿ ಅದನ್ನು ಕೈಬಿಟ್ಟರು.

ಆ 8ನೇ ಆವೃತ್ತಿಗೆ ಮೀಡಿಯಾ ಕ್ವೆರಿಯೂ ಅರ್ಥವಾಗುತ್ತಿರಲಿಲ್ಲ. ಸ್ಕಾಟ್ ಜೇಲ್ ಬರೆದ ರೆಸ್ಪಾಂಡ್ ಜೆಎಸ್ ಆ ಕಾಲದಲ್ಲಿ ಎಷ್ಟೋ ಪುಟಗಳನ್ನು ಕಾಪಾಡಿತು. ಅದು ಸ್ಟೈಲ್‌ಶೀಟನ್ನು ಇನ್ನೊಮ್ಮೆ ತರಿಸಿಕೊಂಡು, ಮಿನ್-ವಿಡ್ತ್, ಮ್ಯಾಕ್ಸ್-ವಿಡ್ತ್ ನಿಯಮಗಳನ್ನು ತಾನೇ ಓದಿ, ಕಿಟಕಿಯ ಅಗಲಕ್ಕೆ ಹೊಂದುವುದನ್ನು ಪುಟಕ್ಕೆ ಸೇರಿಸುತ್ತಿತ್ತು. ಇದರಲ್ಲಿ ನನಗೆ ತುಂಬಾ ಮೆಚ್ಚುಗೆಯಾಗುವ ವಿಷಯ ಒಂದಿದೆ: ನಾವು ಬರೆಯುತ್ತಿದ್ದದ್ದು ಮಾಮೂಲಿ ಸಿಎಸ್ಎಸ್. ಬ್ರೌಸರಿಗೇ ಮೀಡಿಯಾ ಕ್ವೆರಿ ಅರ್ಥವಾಗತೊಡಗಿದ ಮೇಲೆ ಸ್ಕ್ರಿಪ್ಟಿನ ಸಾಲನ್ನು ತೆಗೆದರೆ ಆಯ್ತು, ಮಿಕ್ಕಿದ್ದು ಹಾಗೇ ನಡೆಯುತ್ತಿತ್ತು.

ಕಿಟಕಿಯ ಅಗಲ ತಿಳಿಯಲು ರೀಸೈಜ್ ಈವೆಂಟ್ ಸಾಕಲ್ವಾ?

ಬೇಡ. ಕಿಟಕಿಯ ಅಂಚು ಹಿಡಿದು ಒಮ್ಮೆ ಎಳೆದರೆ ಆ ಈವೆಂಟ್ ಹತ್ತಾರು ಸಲ ಬರುತ್ತದೆ. ನಿಮಗೆ ಬೇಕಾಗಿರುವುದು ಅಗಲ 768 ದಾಟಿದ ಒಂದು ಕ್ಷಣ ಮಾತ್ರ. ಕೆಲವು ಫೋನುಗಳಲ್ಲಿ ಪುಟ ಸರಿಸುವಾಗ ವಿಳಾಸಪಟ್ಟಿ ಮರೆಯಾದರೂ ರೀಸೈಜ್ ಬರುತ್ತದೆ, ಅಗಲ ಒಂದಿಷ್ಟೂ ಬದಲಾಗಿರುವುದಿಲ್ಲ.

ಮ್ಯಾಚ್‌ಮೀಡಿಯಾ ಬಳಸಿ. ಸ್ಟೈಲ್‌ಶೀಟಿನಲ್ಲಿ ಬರೆದ ಅದೇ ಮೀಡಿಯಾ ಕ್ವೆರಿಯನ್ನು ಅದಕ್ಕೆ ಕೊಡಿ. ಈಗ ಹೊಂದುತ್ತದೋ ಇಲ್ಲವೋ ಅಂತ ಅದು ಹೇಳುತ್ತದೆ, ಮುಂದೆ ಉತ್ತರ ಬದಲಾದಾಗ ಮಾತ್ರ ಚೇಂಜ್ ಈವೆಂಟ್ ಕಳಿಸುತ್ತದೆ. ಹಳೆಯ ಕೋಡಿನಲ್ಲಿ ಆಡ್‌ಲಿಸನರ್ ಕಂಡರೆ ಗಾಬರಿ ಬೇಡ, ಅದು ಹಿಂದಿನ ರೂಪ. ಈಗ ಆಡ್‌ಈವೆಂಟ್‌ಲಿಸನರ್ ಬರೆಯಿರಿ. ಸಫಾರಿಯಲ್ಲಿ ಇದು 2020ರ 14ನೇ ಆವೃತ್ತಿಯಿಂದ ನಡೆಯುತ್ತದೆ.

ಸ್ಕ್ರಿಪ್ಟಿನಲ್ಲಿ ಅಗಲವನ್ನು ಪಿಕ್ಸೆಲ್ ಸಂಖ್ಯೆಗೆ ಹೋಲಿಸುವುದರಲ್ಲಿ ಇನ್ನೂ ಎರಡು ಎಡವುವ ಜಾಗಗಳಿವೆ. ಮೊದಲನೆಯದು ಸ್ಕ್ರೋಲ್‌ಬಾರ್. ಮೀಡಿಯಾ ಕ್ವೆರಿಯ ಅಗಲದಲ್ಲಿ ಅದು ಸೇರಿದೆ, ಕ್ಲೈಂಟ್‌ವಿಡ್ತ್‌ನಲ್ಲಿ ಸೇರಿಲ್ಲ. ವಿಂಡೋಸ್ ಕಂಪ್ಯೂಟರಿನಲ್ಲಿ ಅದು ಸುಮಾರು 15ರಿಂದ 17 ಪಿಕ್ಸೆಲ್. ಆ ಸಣ್ಣ ಅಂತರದಲ್ಲಿ ಸಿಎಸ್ಎಸ್ ‘ಅಗಲ’ ಅನ್ನುತ್ತದೆ, ಸ್ಕ್ರಿಪ್ಟ್ ‘ಕಿರಿದು’ ಅನ್ನುತ್ತದೆ, ಮೆನು ಎರಡೂ ರೂಪದಲ್ಲಿ ಒಟ್ಟಿಗೆ ಕಾಣುತ್ತದೆ. ಎರಡನೆಯದು ಅಕ್ಷರದ ಗಾತ್ರ. ಮೀಡಿಯಾ ಕ್ವೆರಿಯನ್ನು 48 ಇಎಂ ಅಂತ ಬರೆದಿದ್ದೀರಿ ಅನ್ನಿ. ಬ್ರೌಸರಿನ ಮೂಲ ಗಾತ್ರ 16 ಆದರೆ ಅದು 768 ಪಿಕ್ಸೆಲ್. ಕಣ್ಣು ಮಂಜಾದವರು ಅದನ್ನು 20ಕ್ಕೆ ಏರಿಸಿಕೊಂಡರೆ ಗಡಿ 960ಕ್ಕೆ ಹೋಗುತ್ತದೆ. ಸ್ಕ್ರಿಪ್ಟಿನಲ್ಲಿ 768 ಅಂತ ಕೂತಿದ್ದರೆ ಅವರಿಗೇ ಪುಟ ಒಡೆಯುತ್ತದೆ. ಮ್ಯಾಚ್‌ಮೀಡಿಯಾದಲ್ಲಿ ಈ ಎರಡೂ ತೊಂದರೆ ಇಲ್ಲ.

ಬ್ರೇಕ್‌ಪಾಯಿಂಟನ್ನು, ಅಂದರೆ ಪುಟದ ರೂಪ ಬದಲಾಗುವ ಅಗಲದ ಗಡಿಯನ್ನು, ಸಿಎಸ್ಎಸ್‌ನಲ್ಲಿ ಒಮ್ಮೆ, ಸ್ಕ್ರಿಪ್ಟಿನಲ್ಲಿ ಒಮ್ಮೆ ಬರೆಯಬೇಕಾ?

ಎರಡು ಕಡೆ ಬರೆದರೆ ಒಂದು ದಿನ ಒಂದನ್ನು ಬದಲಿಸಿ ಇನ್ನೊಂದನ್ನು ಮರೆಯುತ್ತೀರಿ. ಗಡಿಯನ್ನು ವೇರಿಯಬಲ್‌ನಲ್ಲಿ ಇಟ್ಟು ಮೀಡಿಯಾ ಕ್ವೆರಿಯಲ್ಲಿ ಬಳಸೋಣ ಅಂದರೆ, ಮೀಡಿಯಾ ಕ್ವೆರಿಯ ಷರತ್ತಿನೊಳಗೆ ಸಿಎಸ್ಎಸ್ ವೇರಿಯಬಲ್ ನಡೆಯುವುದಿಲ್ಲ. ಅದನ್ನು ತಿರುಗಿಸಿ ಮಾಡಿ. ಮೀಡಿಯಾ ಕ್ವೆರಿಯೊಳಗೆ ಬೇರು ಎಲಿಮೆಂಟಿಗೆ ‘--ಹಂತ: ಅಗಲ’ ಅಂತ ಬರೆಯಿರಿ, ಹೊರಗೆ ‘--ಹಂತ: ಕಿರಿದು’. ಸ್ಕ್ರಿಪ್ಟ್ ಗೆಟ್‌ಕಂಪ್ಯೂಟೆಡ್‌ಸ್ಟೈಲ್ ಮೂಲಕ ಆ ಪದವನ್ನು ಓದಿಕೊಳ್ಳಲಿ. ಸಂಖ್ಯೆ ಸ್ಟೈಲ್‌ಶೀಟಿನಲ್ಲಿ ಮಾತ್ರ ಉಳಿಯುತ್ತದೆ. ಓದಿದ ಪದದ ಮುಂದೆ ಖಾಲಿ ಜಾಗ ಅಂಟಿಕೊಂಡು ಬರಬಹುದು, ಟ್ರಿಮ್ ಮಾಡಿ.

ಕನ್ನಡ ಮೆನು ಮಾತ್ರ ಯಾವಾಗಲೂ ಒಡೆಯುತ್ತದೆ. ಯಾಕೆ?

ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು. ‘ಮುಖಪುಟ, ನಮ್ಮ ಬಗ್ಗೆ, ಕಾರ್ಯಕ್ರಮಗಳು, ಛಾಯಾಚಿತ್ರಗಳು, ಸಂಪರ್ಕಿಸಿ’ ಅಂತ ಒಂದು ಮೆನು ಬರೆದು ನೋಡಿ. ಇದೇ ಮೆನುವಿನ ಇಂಗ್ಲಿಷ್ ರೂಪ 320 ಪಿಕ್ಸೆಲ್‌ನಲ್ಲೂ ಹೇಗೋ ಸಾಲಾಗಿ ಕೂತುಬಿಡುತ್ತದೆ. ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟುವುದರಿಂದ ಪದ ಉದ್ದವಾಗುತ್ತದೆ. ಅಕ್ಷರಗಳೂ ಅಗಲ. ತಯಾರಾಗಿ ಸಿಗುವ ಥೀಮ್‌ಗಳಲ್ಲಿ ಬ್ರೇಕ್‌ಪಾಯಿಂಟನ್ನು ಇಂಗ್ಲಿಷ್ ಪದಗಳನ್ನಿಟ್ಟು ಲೆಕ್ಕ ಹಾಕಿರುತ್ತಾರೆ. ಅದೇ ಥೀಮಿಗೆ ಕನ್ನಡ ತುಂಬಿದಾಗ ಗಡಿ ಬರುವುದಕ್ಕೆ ಮುಂಚೆಯೇ ಪದಗಳು ಎರಡನೇ ಸಾಲಿಗೆ ಬಿದ್ದಿರುತ್ತವೆ.

ಇಲ್ಲಿ ಕಿಟಕಿಯ ಅಗಲ ಕೇಳಿ ಪ್ರಯೋಜನ ಇಲ್ಲ. ಕೇಳಬೇಕಾದ್ದು ‘ಈ ಪದಗಳು ಈ ಜಾಗದಲ್ಲಿ ಹಿಡಿಸುತ್ತವಾ?’ ಅಂತ. ಮೆನುವನ್ನು ಸಾಲು ಮುರಿಯದ ಫ್ಲೆಕ್ಸ್ ಮಾಡಿ, ಪದಗಳೂ ಮುರಿಯದ ಹಾಗೆ ನೋಡಿಕೊಳ್ಳಿ. ಸ್ಕ್ರಿಪ್ಟಿನಲ್ಲಿ ಅದರ ಸ್ಕ್ರೋಲ್‌ವಿಡ್ತ್ ಮತ್ತು ಕ್ಲೈಂಟ್‌ವಿಡ್ತ್ ಹೋಲಿಸಿ. ಮೊದಲನೆಯದು ಜಾಸ್ತಿಯಾದರೆ ಹಿಡಿಸಿಲ್ಲ ಅಂತ ಅರ್ಥ. ಆಗ ‘ಮಡಚು’ ಅನ್ನುವ ಕ್ಲಾಸ್ ಸೇರಿಸಿ. ಮಡಚಿದಾಗ ಹೇಗೆ ಕಾಣಬೇಕು ಅನ್ನುವುದು ಸ್ಟೈಲ್‌ಶೀಟಿಗೆ ಬಿಟ್ಟದ್ದು.

ಮೊದಲ ಸಲ ಬರೆದಾಗ ಹೆಚ್ಚಿನವರಿಗೆ ಮೆನು ಮಿಟುಕಲು ಶುರುವಾಗುತ್ತದೆ. ಹಿಡಿಸಲಿಲ್ಲ ಅಂತ ಮಡಚಿತು. ಮಡಚಿದ ಮೇಲೆ ಜಾಗ ಉಳಿಯಿತು. ಜಾಗ ಇದೆಯಲ್ಲ ಅಂತ ಬಿಚ್ಚಿತು. ಬಿಚ್ಚಿದರೆ ಮತ್ತೆ ಹಿಡಿಸಲಿಲ್ಲ. ಇದಕ್ಕೆ ಪರಿಹಾರ: ಬಿಚ್ಚಿದ ಸ್ಥಿತಿಯಲ್ಲಿ ಮೆನುವಿಗೆ ಎಷ್ಟು ಅಗಲ ಬೇಕು ಅಂತ ಒಮ್ಮೆ ಅಳೆದು ನೆನಪಿಟ್ಟುಕೊಳ್ಳಿ. ಆಮೇಲೆ ಮೆನುವಿನ ಹೊರಗಿನ ಪೆಟ್ಟಿಗೆಯ ಅಗಲವನ್ನು ಆ ಸಂಖ್ಯೆಗೆ ಮಾತ್ರ ಹೋಲಿಸಿ. ಹೊರಗಿನ ಪೆಟ್ಟಿಗೆ ಮಡಚಿದರೂ ಬಿಚ್ಚಿದರೂ ಒಂದೇ ಅಗಲ ಇರುವುದರಿಂದ ಮಿಟುಕು ನಿಲ್ಲುತ್ತದೆ.

ಅಳತೆ ಸರಿಯಾಗಿಯೇ ತೆಗೆದೆ. ಆದರೂ ಪುಟ ಬಂದ ಒಂದು ಸೆಕೆಂಡಿಗೆ ಮೆನು ಹೊರಗೆ ಚಾಚುತ್ತದೆ.

ಫಾಂಟ್ ತಡವಾಗಿ ಬಂದಿದೆ. ನೀವು ಅಳೆದಾಗ ಪರದೆಯ ಮೇಲಿದ್ದದ್ದು ಫೋನಿನದ್ದೇ ಕನ್ನಡ ಫಾಂಟ್. ಆಮೇಲೆ ನೀವು ಹೇಳಿದ ನೋಟೋ ಸಾನ್ಸ್ ಕನ್ನಡವೋ ಬೇರೆ ಯಾವುದೋ ಬಂದು ಕೂತಿತು. ಎರಡರ ಅಕ್ಷರಗಳ ಅಗಲ ಒಂದೇ ಅಲ್ಲ. ಡಾಕ್ಯುಮೆಂಟ್‌ನ ಫಾಂಟ್ಸ್ ಅನ್ನುವ ವಸ್ತುವಿನಲ್ಲಿ ರೆಡಿ ಅನ್ನುವ ಪ್ರಾಮಿಸ್ ಇದೆ, ಅದು ಈಡೇರಿದ ಮೇಲೆ ಇನ್ನೊಮ್ಮೆ ಅಳೆಯಿರಿ.

ಈಗ ಕಂಟೇನರ್ ಕ್ವೆರಿ ಬಂದಿದೆಯಲ್ಲ. ರೀಸೈಜ್ ಅಬ್ಸರ್ವರ್ ಬಿಟ್ಟುಬಿಡಬಹುದಾ?

ಅರ್ಧಕ್ಕಿಂತ ಜಾಸ್ತಿ ಕಡೆ ಬಿಡಬಹುದು. ಕಿಟಕಿಯ ಬದಲು ಎಲಿಮೆಂಟ್ ಇರುವ ಪೆಟ್ಟಿಗೆಯ ಅಳತೆ ನೋಡುವ ಕಂಟೇನರ್ ಕ್ವೆರಿ ಕ್ರೋಮ್ ಮತ್ತು ಸಫಾರಿಗೆ 2022ರಲ್ಲಿ, ಫೈರ್‌ಫಾಕ್ಸ್‌ಗೆ 2023ರ ಫೆಬ್ರವರಿಯಲ್ಲಿ ಬಂತು. ಅದಕ್ಕೂ ಮುಂಚೆ ‘ಈ ಕಾರ್ಡ್ ಇರುವ ಪೆಟ್ಟಿಗೆ 400 ಪಿಕ್ಸೆಲ್‌ಗಿಂತ ಕಮ್ಮಿ ಇದ್ದರೆ ಚಿತ್ರ ಮೇಲೆ, ಬರಹ ಕೆಳಗೆ’ ಅನ್ನುವುದಕ್ಕೆ ಅಬ್ಸರ್ವರ್ ಇಟ್ಟು ಕ್ಲಾಸ್ ಹಾಕುತ್ತಿದ್ದೆವು. ಈಗ ಅದು ಸಿಎಸ್ಎಸ್‌ನಲ್ಲೇ ಮುಗಿಯುತ್ತದೆ.

ಎರಡು ಕಡೆ ಅಬ್ಸರ್ವರ್ ಇನ್ನೂ ಬೇಕು. ಒಂದು, ಮೇಲೆ ಹೇಳಿದ ಮೆನುವಿನ ಹಾಗೆ, ಒಳಗಿರುವುದು ಹಿಡಿಸುತ್ತದೋ ಇಲ್ಲವೋ ಅನ್ನುವ ಪ್ರಶ್ನೆ. ಕಂಟೇನರ್ ಕ್ವೆರಿ ಪೆಟ್ಟಿಗೆಯ ಅಳತೆ ಕೇಳುತ್ತದೆಯೇ ಹೊರತು ಒಳಗಿನ ಪದಗಳಿಗೆ ಎಷ್ಟು ಜಾಗ ಬೇಕು ಅಂತ ಕೇಳುವುದಿಲ್ಲ. ಇನ್ನೊಂದು, ಸಂಖ್ಯೆಯೇ ಬೇಕಾದಾಗ: ಕ್ಯಾನ್ವಾಸ್ ಮೇಲೆ ಬರೆದ ಮಳೆಯ ನಕ್ಷೆ, ಚಾರ್ಟು, ಭೂಪಟ. ಇವನ್ನು ಹೊಸ ಅಗಲಕ್ಕೆ ಮತ್ತೆ ಬರೆಯಬೇಕು.

ನೂರು ವಿಎಚ್ ಎತ್ತರ ಕೊಟ್ಟರೆ ಫೋನಿನಲ್ಲಿ ಕೆಳಗಿನ ಬಟನ್ ಕಾಣುವುದೇ ಇಲ್ಲ.

ಒಂದು ವಿಎಚ್ ಅಂದರೆ ಕಿಟಕಿಯ ಎತ್ತರದ ನೂರನೇ ಒಂದು ಪಾಲು. ಫೋನಿನ ಬ್ರೌಸರ್ ವಿಳಾಸಪಟ್ಟಿ ಮರೆಯಾದಾಗಿನ ಎತ್ತರವನ್ನು ನೂರು ವಿಎಚ್ ಅಂತ ಲೆಕ್ಕ ಹಿಡಿಯುತ್ತದೆ. ಪಟ್ಟಿ ಕಾಣುತ್ತಿರುವಾಗ ಅಷ್ಟು ಜಾಗ ಇರುವುದಿಲ್ಲ, ಬಟನ್ ಕೆಳಗೆ ಹೋಗುತ್ತದೆ. ಹಿಂದೆಲ್ಲ ಇನ್ನರ್‌ಹೈಟ್ ಅನ್ನು ನೂರರಿಂದ ಭಾಗಿಸಿ ವೇರಿಯಬಲ್‌ನಲ್ಲಿ ಇಡುತ್ತಿದ್ದೆವು. 2022ರಲ್ಲಿ ವಿಳಾಸಪಟ್ಟಿಯ ಜೊತೆ ಬದಲಾಗುವ ಡಿವಿಎಚ್, ಪಟ್ಟಿ ಕಾಣುವಾಗಿನ ಎತ್ತರದ ಎಸ್‌ವಿಎಚ್, ಮರೆಯಾದಾಗಿನ ಎತ್ತರದ ಎಲ್‌ವಿಎಚ್ ಅನ್ನುವ ಹೊಸ ಅಳತೆಗಳು ದೊಡ್ಡ ಬ್ರೌಸರ್‌ಗಳಿಗೆಲ್ಲ ಬಂದವು. ಈಗ ಸ್ಕ್ರಿಪ್ಟ್ ಬೇಡ. ಕೆಳಗೆ ಬಟನ್ ಇರುವ ಪುಟಕ್ಕೆ ನಾನು ಎಸ್‌ವಿಎಚ್ ಆರಿಸುತ್ತೇನೆ. ಡಿವಿಎಚ್ ಆದರೆ ವಿಳಾಸಪಟ್ಟಿ ಬಂದು ಹೋದಾಗಲೆಲ್ಲ ಪುಟ ಹಿಗ್ಗಿ ಕುಗ್ಗುತ್ತದೆ.

ಕೀಬೋರ್ಡ್ ಮೇಲೆದ್ದಾಗಿನ ಕಥೆ ಬೇರೆ. ಐಫೋನಿನಲ್ಲಿ ಮೊದಲಿಂದಲೂ, ಆಂಡ್ರಾಯ್ಡ್ ಕ್ರೋಮ್‌ನಲ್ಲಿ 108ನೇ ಆವೃತ್ತಿಯಿಂದ, ಕೀಬೋರ್ಡ್ ಬಂದರೂ ಈ ಅಳತೆಗಳು ಬದಲಾಗುವುದಿಲ್ಲ. ಕಾಮೆಂಟ್ ಬರೆಯುವ ಪೆಟ್ಟಿಗೆ ಕೀಬೋರ್ಡಿನ ಮೇಲೇ ಕೂರಬೇಕು ಅಂದರೆ ಕಣ್ಣಿಗೆ ಕಾಣುತ್ತಿರುವ ಭಾಗದ ಅಳತೆ ಕೊಡುವ ವಿಷುಯಲ್‌ವ್ಯೂಪೋರ್ಟ್‌ನ ಎತ್ತರ ಓದಿ ವೇರಿಯಬಲ್‌ನಲ್ಲಿ ಇಡಿ.

ಸ್ಕ್ರಿಪ್ಟ್ ಸೇರಿಸಿದ ಮೇಲೆ ಪುಟ ತೊಡರುತ್ತಿದೆ. ಎಲ್ಲಿ ತಪ್ಪಾಗಿರಬಹುದು?

ಅಳೆಯುವುದು ಮತ್ತು ಬರೆಯುವುದನ್ನು ಬೆರೆಸಿದ್ದೀರಿ ಅಂತ ನನ್ನ ಅಂದಾಜು. 40 ಕಾರ್ಡ್ ಇವೆ ಅನ್ನಿ. ಒಂದೊಂದರ ಆಫ್‌ಸೆಟ್‌ಹೈಟ್ ಓದುತ್ತೀರಿ, ತಕ್ಷಣ ಅದಕ್ಕೆ ಹೊಸ ಎತ್ತರ ಬರೆಯುತ್ತೀರಿ, ಮುಂದಿನದಕ್ಕೆ ಹೋಗುತ್ತೀರಿ. ಬರೆದ ಕೂಡಲೇ ಹಳೆಯ ಲೇಔಟ್ ಲೆಕ್ಕ ಕೆಟ್ಟುಹೋಗುತ್ತದೆ. ಮುಂದಿನ ಕಾರ್ಡ್ ಓದುವಾಗ ಬ್ರೌಸರ್ ಮತ್ತೆ ಲೆಕ್ಕ ಹಾಕಲೇಬೇಕು. ಹೀಗೆ 40 ಸಲ. ಸೆಕೆಂಡಿಗೆ 60 ಚೌಕಟ್ಟು ಬರಬೇಕಾದರೆ ಒಂದಕ್ಕೆ ಸಿಗುವುದು 16.7 ಮಿಲಿಸೆಕೆಂಡು ಮಾತ್ರ. ಕಮ್ಮಿ ಬೆಲೆಯ ಫೋನಿನಲ್ಲಿ ಅಷ್ಟರಲ್ಲಿ ಈ ಕೆಲಸ ಮುಗಿಯುವುದಿಲ್ಲ.

ಮೊದಲು 40ನ್ನೂ ಓದಿ ಮುಗಿಸಿ, ಆಮೇಲೆ 40ಕ್ಕೂ ಬರೆಯಿರಿ. ಅಷ್ಟಕ್ಕೇ ಪುಟ ಹಗುರಾಗುತ್ತದೆ. ಇನ್ನೂ ಒಳ್ಳೆಯದು, ಕಾರ್ಡುಗಳಿಗೆ ಸಮಾನ ಎತ್ತರ ಬೇಕಾದರೆ ಸಿಎಸ್ಎಸ್ ಗ್ರಿಡ್ ಬಳಸಿ ಈ ಸ್ಕ್ರಿಪ್ಟನ್ನೇ ಅಳಿಸಿಬಿಡಿ.

ಕನ್ಸೋಲ್‌ನಲ್ಲಿ ‘ರೀಸೈಜ್ ಅಬ್ಸರ್ವರ್ ಲೂಪ್’ ಅಂತ ದೋಷ ಬರುತ್ತಿದೆ.

ನೀವು ಕಾಯುತ್ತಿರುವ ಎಲಿಮೆಂಟಿನ ಅಳತೆಯನ್ನು ಆ ಕಾವಲಿನ ಒಳಗೇ ಬದಲಿಸುತ್ತಿದ್ದೀರಿ. ಹೊರಗಿನ ಪೆಟ್ಟಿಗೆಯನ್ನು ಕಾಯಿರಿ, ಒಳಗಿನದನ್ನು ಬದಲಿಸಿ.

ಸಾರಾಂಶವನ್ನು ಇಷ್ಟೇ ಅಕ್ಷರಕ್ಕೆ ಕತ್ತರಿಸಿ ಚುಕ್ಕಿ ಹಾಕುವ ಸ್ಕ್ರಿಪ್ಟ್ ಇದೆ. ಕನ್ನಡದಲ್ಲಿ ವಿಚಿತ್ರವಾಗಿ ಕಾಣುತ್ತದೆ.

ದಯವಿಟ್ಟು ಆ ಸ್ಕ್ರಿಪ್ಟ್ ತೆಗೆಯಿರಿ. ಜಾವಾಸ್ಕ್ರಿಪ್ಟ್ ಎಣಿಸುವುದು ನಾವು ಓದುವ ಅಕ್ಷರವನ್ನಲ್ಲ. ‘ಸ್ತ್ರೀ’ ನಮಗೆ ಒಂದಕ್ಷರ. ಅದರ ಲೆಂಗ್ತ್ ಕೇಳಿದರೆ 6 ಅನ್ನುತ್ತದೆ: ಸ, ವಿರಾಮ (ಅರ್ಧಾಕ್ಷರದ ಚಿಹ್ನೆ), ತ, ವಿರಾಮ, ರ, ಈಕಾರದ ಗುಣಿತ. ‘ಪುಸ್ತಕ’ವೂ 6. ಅದನ್ನು 4ಕ್ಕೆ ಕತ್ತರಿಸಿದರೆ ಪರದೆಯ ಮೇಲೆ ‘ಪುಸ್…’ ಅಂತ ಉಳಿಯುತ್ತದೆ. 3ಕ್ಕೆ ಕತ್ತರಿಸಿದರೆ ‘ಪುಸ…’. ಓದುವವರಿಗೆ ಇದು ಅಚ್ಚಿನ ತಪ್ಪಿನ ಹಾಗೆ ಕಾಣುತ್ತದೆ. ನಮ್ಮ ಭಾಷೆಯನ್ನು ಹೀಗೆ ತುಂಡು ಮಾಡಿ ತೋರಿಸುವುದು ನೋಡಿದಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಸಿಎಸ್ಎಸ್‌ನ ಲೈನ್-ಕ್ಲ್ಯಾಂಪ್ ಬಳಸಿ. ಹೆಸರಿನ ಮುಂದೆ ವೆಬ್‌ಕಿಟ್ ಅನ್ನುವ ಪೂರ್ವಪದ ಹಚ್ಚಿದರೆ ಅದು ಎಲ್ಲ ದೊಡ್ಡ ಬ್ರೌಸರ್‌ಗಳಲ್ಲೂ ನಡೆಯುತ್ತದೆ. ಮೂರು ಸಾಲು ಅಂತ ಹೇಳಿ, ಎಲ್ಲಿ ಕತ್ತರಿಸಬೇಕು ಅಂತ ಅದೇ ನೋಡಿಕೊಳ್ಳುತ್ತದೆ, ಪರದೆ ಅಗಲವಾದರೆ ಜಾಸ್ತಿ ಪದ ತೋರಿಸುತ್ತದೆ. ಒಂದು ಎಚ್ಚರಿಕೆ: ಸಾಲಿನ ಎತ್ತರ 1.2 ಇದ್ದರೆ ಕೊನೆಯ ಸಾಲಿನ ಒತ್ತಕ್ಷರಗಳ ಬುಡ ಕತ್ತರಿಸಿಹೋಗಬಹುದು. ‘ಕೃಷ್ಣ’, ‘ಸ್ವಾತಂತ್ರ್ಯ’ ಅಂತ ಬರೆದು ಪರೀಕ್ಷಿಸಿ. 1.6 ಅಥವಾ ಅದಕ್ಕಿಂತ ಮೇಲಿಡಿ.

ಫೋನೋ ಕಂಪ್ಯೂಟರೋ ಅಂತ ಯೂಸರ್ ಏಜೆಂಟ್ (ಬ್ರೌಸರ್ ತನ್ನ ಬಗ್ಗೆ ಹೇಳಿಕೊಳ್ಳುವ ಸಾಲು) ನೋಡಿ ತಿಳಿಯಬಹುದಾ?

ನಂಬಬೇಡಿ. 2019ರ ಐಪ್ಯಾಡ್ಓಎಸ್ 13ರಿಂದ ಐಪ್ಯಾಡಿನ ಸಫಾರಿ ತನ್ನನ್ನು ಮ್ಯಾಕ್ ಅಂತಲೇ ಹೇಳಿಕೊಳ್ಳುತ್ತದೆ. ನಿಮಗೆ ನಿಜಕ್ಕೂ ತಿಳಿಯಬೇಕಾದ್ದು ಬೆರಳೋ ಮೌಸೋ ಅಂತ. ಅದಕ್ಕೆ ಹೋವರ್, ಪಾಯಿಂಟರ್ ಅನ್ನುವ ಮೀಡಿಯಾ ಷರತ್ತುಗಳಿವೆ.

ಚಿತ್ರಗಳನ್ನು ಸ್ಕ್ರಿಪ್ಟಿನಿಂದ ಬದಲಿಸಲಾ?

ಬೇಡ. ಸ್ಕ್ರಿಪ್ಟ್ ಓಡುವ ಮುಂಚೆಯೇ ಬ್ರೌಸರ್ ಎಚ್‌ಟಿಎಂಎಲ್ ಮೇಲೆ ಕಣ್ಣಾಡಿಸಿ ಚಿತ್ರ ತರಿಸಲು ಶುರು ಮಾಡಿರುತ್ತದೆ. ನೀವು ಆಮೇಲೆ ಬದಲಿಸಿದರೆ ಎರಡೂ ಚಿತ್ರ ಇಳಿದು ಓದುವವರ ಡೇಟಾ ಸುಮ್ನೆ ಖರ್ಚು. ಬೇರೆ ಬೇರೆ ಗಾತ್ರದ ಚಿತ್ರಗಳ ಪಟ್ಟಿ ಕೊಡುವ ಎಸ್‌ಆರ್‌ಸಿಸೆಟ್ ಆಟ್ರಿಬ್ಯೂಟ್ ಬಳಸಿ, ಯಾವುದು ಬೇಕು ಅಂತ ಬ್ರೌಸರೇ ನೋಡಿಕೊಳ್ಳುತ್ತದೆ.

ಕಪ್ಪು ಹಿನ್ನೆಲೆ ಆರಿಸಿದ್ದರೂ ಪುಟ ತೆರೆದಾಗ ಒಂದು ಕ್ಷಣ ಬಿಳಿ ಮಿಂಚುತ್ತದೆ.

ಓದುವವರ ಆಯ್ಕೆ ಬ್ರೌಸರಿನ ಲೋಕಲ್‌ಸ್ಟೋರೇಜ್ ಅನ್ನುವ ನೆನಪಿನ ಜಾಗದಲ್ಲಿದೆ, ಅದನ್ನು ಓದುವ ಸ್ಕ್ರಿಪ್ಟ್ ಪುಟದ ಕೊನೆಯಲ್ಲಿದೆ. ಅಷ್ಟರಲ್ಲಿ ಪುಟ ಬಿಳಿಯಾಗಿ ಕಂಡಾಗಿದೆ. ಆ ಮೂರು ಸಾಲು ಸ್ಕ್ರಿಪ್ಟನ್ನು ಮಾತ್ರ ಬೇರೆ ಮಾಡಿ, ಹೆಡ್ ಒಳಗೆ, ಸ್ಟೈಲ್‌ಶೀಟಿಗೂ ಮೊದಲು ಇಡಿ. ಅದು ಬೇರು ಎಲಿಮೆಂಟಿನ ಡೇಟಾ ಆಟ್ರಿಬ್ಯೂಟಿಗೆ ‘ಕಪ್ಪು’ ಅಂತ ಬರೆದರೆ ಸಾಕು. ಆಯ್ಕೆಯೇ ಮಾಡದವರಿಗೆ, ಸಾಧನದ ಸೆಟ್ಟಿಂಗ್ ನೋಡುವ ಪ್ರಿಫರ್ಸ್-ಕಲರ್-ಸ್ಕೀಮ್ ಅನ್ನುವ ಮೀಡಿಯಾ ಷರತ್ತು ನೋಡಿಕೊಳ್ಳುತ್ತದೆ.

ಸ್ಕ್ರಿಪ್ಟ್ ಬಂದೇ ಇಲ್ಲ ಅಂದ್ರೆ ಪುಟದ ಗತಿ ಏನು?

ಬಸ್ಸು ಘಾಟಿ ಹತ್ತುತ್ತಿದೆ. ಎಚ್‌ಟಿಎಂಎಲ್ ಬಂತು, ಸ್ಟೈಲ್‌ಶೀಟ್ ಬಂತು, ಸ್ಕ್ರಿಪ್ಟ್ ಬರುವಷ್ಟರಲ್ಲಿ ಸಿಗ್ನಲ್ ಹೋಯಿತು. ಆಗಲೂ ಪುಟ ಓದುವ ಹಾಗಿರಬೇಕು. ಮೆನು ಮಡಚುವ ನಿಯಮವನ್ನು ‘ಮಡಚು’ ಕ್ಲಾಸಿಗೆ ಮಾತ್ರ ಕಟ್ಟಿ. ಆ ಕ್ಲಾಸ್ ಹಾಕುವುದು ಸ್ಕ್ರಿಪ್ಟ್ ಆದ್ದರಿಂದ, ಸ್ಕ್ರಿಪ್ಟ್ ಇಲ್ಲದಿದ್ದರೆ ಮೆನು ಬಿಚ್ಚಿಕೊಂಡೇ ಇರುತ್ತದೆ. ಪರದೆಯ ಆಚೆ ಚಾಚಬಹುದು, ಆದರೆ ಸರಿಸಿ ಒತ್ತಬಹುದು. ಇದಕ್ಕೆ ಉಲ್ಟಾ ಮಾಡಿ, ಸಿಎಸ್ಎಸ್‌ನಲ್ಲಿ ಮುಚ್ಚಿಟ್ಟು ಸ್ಕ್ರಿಪ್ಟಿನಲ್ಲಿ ಬಿಚ್ಚುವ ಪುಟಗಳು ಘಾಟಿಯಲ್ಲಿ ಕೈಕೊಡುತ್ತವೆ.

ಸ್ಕ್ರಿಪ್ಟಿಂಗ್ ಅನ್ನುವ ಮೀಡಿಯಾ ಷರತ್ತು 2023ರ ಕೊನೆಗೆ ಎಲ್ಲ ದೊಡ್ಡ ಬ್ರೌಸರ್‌ಗಳಲ್ಲೂ ಬಂದಿದೆ. ಜಾವಾಸ್ಕ್ರಿಪ್ಟ್ ನಿಲ್ಲಿಸಿಟ್ಟವರಿಗೆ ಬೇರೆ ನಿಯಮ ಬರೆಯಬಹುದು. ಆದರೆ ಸಿಗ್ನಲ್ ಹೋಗಿ ಫೈಲ್ ಬರದೇ ಇದ್ದದ್ದು ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಕ್ಲಾಸಿನ ದಾರಿಯೇ ಗಟ್ಟಿ.

ಕಣ್ಣು ಕಾಣದವರಿಗೆ, ಕೀಬೋರ್ಡ್ ಮಾತ್ರ ಬಳಸುವವರಿಗೆ ಏನು ನೋಡಿಕೊಳ್ಳಬೇಕು?

ಕ್ಲಾಸ್ ಬದಲಿಸುವ ಅದೇ ಜಾಗದಲ್ಲಿ ಮೆನು ತೆರೆಯುವ ಬಟನ್ನಿನ ಏರಿಯಾ-ಎಕ್ಸ್‌ಪ್ಯಾಂಡೆಡ್ ಕೂಡ ಬದಲಿಸಿ. ಮೆನು ತೆರೆದಿದೆಯೋ ಇಲ್ಲವೋ ಅಂತ ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೆ ತಿಳಿಸುವ ಆಟ್ರಿಬ್ಯೂಟ್ ಅದು. ಸಾಧ್ಯವಾದರೆ ಕ್ಲಾಸ್ ಬಿಟ್ಟು ಆ ಆಟ್ರಿಬ್ಯೂಟನ್ನೇ ಸ್ಟೈಲ್‌ಶೀಟಿನಲ್ಲಿ ಹಿಡಿಯಿರಿ. ಆಗ ಕಾಣುವುದೂ ಕೇಳುವುದೂ ಬೇರೆ ಬೇರೆ ಆಗುವುದಿಲ್ಲ. ಫೋನಿನಲ್ಲಿ ಮೆನು ತೆರೆದಿಟ್ಟು ಅಡ್ಡ ತಿರುಗಿಸಿದರೆ ಏನಾಗುತ್ತದೆ ಅಂತಲೂ ನೋಡಿ. ಸ್ಕ್ರಿಪ್ಟಿನಿಂದ ಪುಟ ಜಾರಿಸುತ್ತಿದ್ದರೆ ಚಲನೆ ಕಮ್ಮಿ ಬೇಕು ಅನ್ನುವ ಪ್ರಿಫರ್ಸ್-ರೆಡ್ಯೂಸ್ಡ್-ಮೋಷನ್ ಅನ್ನು ಮ್ಯಾಚ್‌ಮೀಡಿಯಾದಲ್ಲಿ ಕೇಳಿ. ತಲೆ ಸುತ್ತುವವರು ಆ ಸೆಟ್ಟಿಂಗ್ ಹಾಕಿಕೊಂಡಿರುತ್ತಾರೆ, ಸ್ಟೈಲ್‌ಶೀಟಿನಲ್ಲಿ ಅದನ್ನು ಪಾಲಿಸಿದರೂ ನಿಮ್ಮ ಸ್ಕ್ರಿಪ್ಟಿಗೆ ತಾನಾಗಿ ತಿಳಿಯುವುದಿಲ್ಲ. ದೊಡ್ಡದು ಮಾಡಿ ಓದುವುದನ್ನು ಎಂದೂ ತಡೆಯಬೇಡಿ. ಎಲ್ಲರಿಗೂ ಪುಟ ಬಳಸಲು ಬರುವಂತೆ ಮಾಡುವ ಮಾರ್ಗಸೂಚಿಯಾದ 2018ರ ಡಬ್ಲ್ಯೂಸಿಎಜಿ 2.1 ಪ್ರಕಾರ 320 ಪಿಕ್ಸೆಲ್ ಅಗಲದಲ್ಲೂ ಅಡ್ಡಕ್ಕೆ ಸರಿಸದೆ ಓದಲು ಬರಬೇಕು. 1280 ಪಿಕ್ಸೆಲ್ ಪರದೆಯನ್ನು 400 ಶೇಕಡಾ ಹಿಗ್ಗಿಸಿದರೆ ಬರುವುದೂ ಅದೇ 320.

ಹೂಡಿನಿ ಕಲಿಯಬೇಕಾ?

ಬ್ರೌಸರ್ ಚಿತ್ರ ಬಿಡಿಸುವ ಹಂತಕ್ಕೇ ಸ್ಕ್ರಿಪ್ಟ್ ಸೇರಿಸುವ ಯೋಜನೆ ಅದು. ಪೇಂಟ್ ಎಪಿಐ 2018ರಲ್ಲೇ ಕ್ರೋಮ್‌ಗೆ ಬಂತು, ಆದರೆ ಎಲ್ಲ ಬ್ರೌಸರ್‌ಗಳೂ ಅದನ್ನು ಒಪ್ಪಿಕೊಳ್ಳಲಿಲ್ಲ. ಅದರಲ್ಲಿ ಒಂದು ಭಾಗ ಮಾತ್ರ ಈಗಲೇ ಕಲಿಯಲು ಯೋಗ್ಯ: ವೇರಿಯಬಲ್‌ಗೆ ಇದು ಉದ್ದ, ಇದು ಬಣ್ಣ ಅಂತ ಬಗೆ ಹೇಳುವ ಅಟ್-ಪ್ರಾಪರ್ಟಿ ನಿಯಮ. 2024ರಲ್ಲಿ ಫೈರ್‌ಫಾಕ್ಸ್ ಕೂಡ ಅದನ್ನು ಸೇರಿಸಿಕೊಂಡಿತು.

ಬರೆದ ಸ್ಕ್ರಿಪ್ಟನ್ನು ಯಾವಾಗ ತೆಗೆಯಬೇಕು?

ವರ್ಷಕ್ಕೊಮ್ಮೆ ಕೂತು ಒಂದೊಂದನ್ನೂ ನೋಡಿ. ಪ್ರತಿ ಸ್ಕ್ರಿಪ್ಟಿನ ಮೇಲೆ ಅದು ಸ್ಟೈಲ್‌ಶೀಟಿಗೆ ಯಾವ ಸುದ್ದಿ ತಿಳಿಸುತ್ತದೆ ಅಂತ ಕನ್ನಡದಲ್ಲೇ ಒಂದು ಸಾಲು ಟಿಪ್ಪಣಿ ಬರೆದಿಡಿ, ಆಗ ನೋಡುವುದು ಸುಲಭ. ‘ಒಳಗೆ ಚಿತ್ರ ಇರುವ ಕಾರ್ಡಿಗೆ ಕ್ಲಾಸ್ ಹಾಕುತ್ತದೆ’ ಅಂತ ನನ್ನ ಒಂದು ಫೈಲಿನಲ್ಲಿತ್ತು. 2023ರ ಡಿಸೆಂಬರ್‌ನಲ್ಲಿ ಫೈರ್‌ಫಾಕ್ಸ್ 121ರೊಂದಿಗೆ, ಒಳಗೆ ಏನಿದೆ ಅಂತ ನೋಡಿ ಎಲಿಮೆಂಟನ್ನು ಹಿಡಿಯುವ ಹ್ಯಾಸ್ ಸೆಲೆಕ್ಟರ್ ಎಲ್ಲ ದೊಡ್ಡ ಬ್ರೌಸರ್‌ಗಳಿಗೂ ಬಂತು. ಆ ಫೈಲಿನ 30 ಸಾಲು ಹೋಗಿ ಸ್ಟೈಲ್‌ಶೀಟಿನಲ್ಲಿ ಒಂದು ಸಾಲು ಉಳಿಯಿತು. ಹಳೆಯ ಫೋನಿನ ಓದುಗರು ಇನ್ನೂ ಇದ್ದರೆ, ಬ್ರೌಸರಿಗೆ ಆ ಸಿಎಸ್ಎಸ್ ಗೊತ್ತಾ ಅಂತ ಹೇಳುವ ಸಿಎಸ್ಎಸ್ ಸಪೋರ್ಟ್ಸ್ ಅನ್ನು ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಕೇಳಿ. ಬ್ರೌಸರಿಗೆ ಬರುತ್ತದೆ ಅಂತಾದರೆ ಅಲ್ಲಿಂದಲೇ ಹಿಂತಿರುಗಿ, ಇಲ್ಲದಿದ್ದರೆ ಮಾತ್ರ ಮುಂದೆ ಓಡಲಿ.